ಲಾಟೀನಿನ ಚಕ್ರದ ಬ್ಯಾಟರಿ

ನ್ಯಾಮತಿ
೧೨ ನವೆಂಬರ್ ೧೯೮೧, ಗುರುವಾರ ಬೆಳಿಗ್ಗೆ

ಜಗಳೂರಿನಲ್ಲಿ ಸುಖವಾಗಿರುವ ನಮ್ಮ ಯಜಮಾನರಿಗೆ, ನ್ಯಾಮತಿಯಲ್ಲಿ ದಿನಾ ಅಂಗಡಿ ಬಾಗಿಲು ತೆಗೆದು ಮುಚ್ಚುತ್ತಿರುವ ಶಂಕ್ರಮ್ಮನ ನಮಸ್ಕಾರಗಳು.

ಸುಖವಾಗಿರುವ ಎಂದು ಬರೆದದ್ದು ನನ್ನ ಊಹೆ. ನಿಮ್ಮ ಕಾಗದದಲ್ಲಿ ಆ ವಿಷಯವೇ ಇರಲಿಲ್ಲ. ನೀವು ಹೋಗಿ ಏಳು ತಿಂಗಳಾಯಿತು, ಬರೆದದ್ದು ಒಂದು ಕಾಗದ, ಅದರಲ್ಲಿ ಐದು ಸಾಲು. "ನಮ್ಮ ಹೊಸ ಬ್ಯಾಟರಿಯನ್ನೂ ಚಿತ್ರ ಬರೆದ ಪುಸ್ತಕವನ್ನೂ ಚಾಂದ್ ಕೈಯಲ್ಲಿ ಕೊಟ್ಟು ಕಳಿಸುವುದು. ಕಂಪನಿಯವರು ನೋಡಬೇಕಂತೆ. ಜೋಪಾನ. ಬೇರೆ ಯಾರಿಗೂ ತೋರಿಸಬೇಡ. ಉಳಿದದ್ದು ಮುಖತಃ." ಊಟ ಮಾಡುತ್ತೀಯಾ, ಬಿಡುತ್ತೀಯಾ ಎಂದು ಕೇಳುವಷ್ಟು ಜಾಗ ಆ ಇನ್‌ಲ್ಯಾಂಡ್ ಕಾಗದದಲ್ಲಿ ಇರಲಿಲ್ಲವೇನೋ. ಮುಕ್ಕಾಲು ಪಾಲು ಖಾಲಿ ಬಿಟ್ಟಿದ್ದಿರಿ, ನಾನು ಅಳೆದು ನೋಡಿದೆ.

ಆ ಐದು ಸಾಲನ್ನು ಇಪ್ಪತ್ತು ಸಲ ಓದಿದ್ದೇನೆ. ಓದಿದಷ್ಟೂ ಅನುಮಾನ. "ನಮ್ಮ" ಬ್ಯಾಟರಿ ಎಂದು ಬರೆದಿದ್ದೀರಿ. ಹೋಗುವ ದಿನ ಅದು "ನನ್ನ ಬ್ಯಾಟರಿ" ಆಗಿತ್ತು, ಅಂಗಡಿಯ ಮುಂದೆ ನಿಂತು ನಾಲ್ಕು ಜನ ಕೇಳುವಂತೆ ಹಾಗೆಂದಿರಿ. ಈಗ ನಮ್ಮ ಆಗಿದ್ದು ಹೇಗೆ? ಮನಸ್ಸು ತಿರುಗಿತೋ, ಇಲ್ಲ ವಸ್ತು ನನ್ನ ಹತ್ತಿರ ಇದೆಯೆಂದು ನಾಲಿಗೆ ಮಾತ್ರ ತಿರುಗಿತೋ? "ಬೇರೆ ಯಾರಿಗೂ ತೋರಿಸಬೇಡ" ಎಂದದ್ದು ಇನ್ನೊಂದು. ಇಲ್ಲಿ ನನ್ನ ಬಿಟ್ಟರೆ ಇನ್ನು ಯಾರಿದ್ದಾರೆ? ಇನ್ನು "ಉಳಿದದ್ದು ಮುಖತಃ" ಅಂತೆ. ಮುಖ ತೋರಿಸದವರು ಬರೆಯುವ ಮಾತೇ ಇದು?

ಆದ್ದರಿಂದ ಮೊದಲೇ ಕೇಳಿಬಿಡುತ್ತೇನೆ, ಉತ್ತರ ಬಂದ ಮೇಲೆ ಮುಂದಿನದು. ಕತ್ತಲಲ್ಲಿ ಹಿಡಿದು ನಡೆಯುವ ಈ ಬ್ಯಾಟರಿಯನ್ನು ಮಾಡಿದವರು ಯಾರು ಎಂದು ಕಂಪನಿಗೆ ಯಾರ ಹೆಸರು ಬರೆದು ಕೊಟ್ಟಿದ್ದೀರಿ? ನನಗೆ ಬೇಕಾಗಿರುವುದು ಅದೊಂದೇ. ಅವರು ಅದನ್ನು ಸಾವಿರ ಮಾಡಲಿ, ಲಕ್ಷ ಮಾಡಲಿ, ನಮಗೇನು ಕೊಡುತ್ತಾರೋ ಬಿಡುತ್ತಾರೋ, ಅದು ನನ್ನ ತಲೆಯಲ್ಲೇ ಇಲ್ಲ.

ನಿಮ್ಮ ಚಾಂದ್ ಬಂದಿದ್ದ. ಲೇತ್ ಮಶೀನಿನ ಪಕ್ಕ ನಿಮಗೆ ಕೂರಲು ಜಾಗ ಕೊಟ್ಟ ಪುಣ್ಯಾತ್ಮ, ನಾನು ಬರಿಗೈಯಲ್ಲಿ ಕಳಿಸಿದೆನೆಂದು ನಿಮಗೆ ದೂರು ಹೇಳಿಯೇ ಇರುತ್ತಾನೆ. ದೀಪಾವಳಿ ಕಳೆದ ಸೋಮವಾರ ಬಂದ. ಬಂದವನೇ, "ಅಕ್ಕಾರೆ, ಅಣ್ಣಾರು ಬ್ಯಾಟ್ರಿ ಇಸ್ಕಂಡ್ ಬಾ ಅಂದಾರೆ, ಕೊಡ್ರಿ, ಮಧ್ಯಾಹ್ನದ ಬಸ್ಸಿಗೆ ಹೋಗಾಕೈತೆ" ಎಂದ. ಕೂರಪ್ಪ ಎಂದೆ. ಮಂಡಕ್ಕಿ ಕೊಟ್ಟೆ, ಟೀ ಕೊಟ್ಟೆ. ಒಂದೊಂದೇ ಮಾತು ಕೇಳಿದೆ. ಅವನೋ, ಒಂದು ಗುಟುಕು ಟೀ ಕುಡಿದು ಒಂದು ಉತ್ತರ ಹೇಳುತ್ತಿದ್ದ. ನಿಜ ಹೇಳುವವನಿಗೆ ಪ್ರತಿ ಸಲವೂ ಟೀ ಯಾಕೆ ಬೇಕು?

ಅರ್ಜಿಯಲ್ಲಿ ಯಾರ ಹೆಸರಿದೆ ಎಂದು ಕೇಳಿದರೆ, "ಅದೆಲ್ಲ ಅಣ್ಣಾರಿಗೇ ಗೊತ್ತು ಅಕ್ಕಾರೆ, ನಾನು ಬರೇ ತೂತು ಹಾಕೋನು" ಎಂದ. ಸಂಜೆ ಹೊತ್ತು ಏನು ಮಾಡುತ್ತಾರೆ ಎಂದು ಕೇಳಿದೆ. ನೀವು ಅಲ್ಲಿ ಅಂಥದೇ ಇನ್ನೊಂದು ಬ್ಯಾಟರಿ ಮಾಡಲು ಹೊರಟು, ಆಗಲೇ ನಾಲ್ಕು ಲಾಟೀನಿನ ಚಕ್ರ ಮುರಿದಿದ್ದೀರಂತೆ. "ಅಕ್ಕಾರು ಹೆಂಗೆ ಕೂಡಿಸಿದ್ರೋ ಏನೋ, ನಮ್ ಕೈಲಿ ಕೂರ್ತಾನೇ ಇಲ್ಲ" ಎಂದ. ಅದನ್ನು ಕೇಳಿ ನನಗೆ ಒಳಗೊಳಗೇ ಎಷ್ಟು ಹಿಗ್ಗಾಯಿತೆಂದರೆ, ಆ ಹಿಗ್ಗಿನ ಮೇಲೇ ಮತ್ತೆ ಅನುಮಾನ ಬಂತು. ಹೊಗಳಿ ಈಸಿಕೊಂಡು ಬಾ ಎಂದು ನೀವೇ ಹೇಳಿಕೊಟ್ಟಿರಬಹುದಲ್ಲ. ಬ್ಯಾಟರಿ ಸಂತೇಬೆನ್ನೂರಿನಲ್ಲಿ ನನ್ನ ತಮ್ಮನ ಹತ್ತಿರ ಇದೆ ಎಂದುಬಿಟ್ಟೆ. ಅದು ಚಾಂದ್ ಕೂತಿದ್ದ ಪೆಟ್ಟಿಗೆಯ ಒಳಗೇ ಇತ್ತು. ಹೊರಡುವಾಗ, "ನಂಬಿಕೆ ಇಲ್ವೇನ್ರಿ ಅಕ್ಕಾರೆ ನಮ್ಮೇಲೆ" ಎಂದು ಕೇಳಿದ. ಇದ್ದಿದ್ದರೆ ಕೊಡುತ್ತಿದ್ದೆ ಕಣಪ್ಪ ಎಂದೆ. ಪಾಪ, ಬಡವನ ಮುಖ ಸಣ್ಣದಾಯಿತು. ಅವನ ಹೆಂಡತಿ ಹಜೀರಾಗೆ ಬಳೆ ಕಳಿಸಿದ್ದೇನೆ, ಅದು ಬೇರೆ ಮಾತು.

ನಿಮಗೆ ಎಲ್ಲ ಮರೆತಿರಬಹುದು. ಜಗಳೂರಿನ ಬಿಸಿಲಿಗೆ ಮರೆವು ಜಾಸ್ತಿಯಂತೆ. ಅದಕ್ಕೇ ಆ ಬ್ಯಾಟರಿ ಹೇಗೆ ಹುಟ್ಟಿತು ಎಂಬುದನ್ನು ಇನ್ನೊಂದು ಸಲ ಬರೆಯುತ್ತೇನೆ.

ಮೂರು ವರ್ಷದ ಹಿಂದೆ, ಆಷಾಢದಲ್ಲಿ, ಪಕ್ಕದ ಮನೆ ತಿಪ್ಪಮ್ಮಕ್ಕ ಬಿದ್ದದ್ದು ನೆನಪಿದೆಯೇ? ಹೆಂಗಸರು ನಾವು ಬೆಳಕು ಹರಿಯುವ ಮೊದಲೇ ಕೆರೆಯ ಹಿಂದಿನ ಬಯಲಿಗೆ ಹೋಗಬೇಕು. ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಬ್ಯಾಟರಿ. ಅವಳದ್ದು ಫೋಕಸ್ ಬ್ಯಾಟರಿ, ಅವಳ ಗಂಡ ಆಸೆಪಟ್ಟು ತಂದದ್ದು. ಬೆಳಕು ದೂರದ ಮರದ ತುದಿಗೆ ಹೋಗಿ ಬೀಳುತ್ತಿತ್ತು, ಕಾಲ ಬುಡದಲ್ಲಿ ಏನೂ ಕಾಣುತ್ತಿರಲಿಲ್ಲ. ಬೆಳಕನ್ನು ಹತ್ತಿರಕ್ಕೆ ಅಗಲ ಮಾಡಬೇಕೆಂದರೆ ಬ್ಯಾಟರಿಯ ತಲೆಯನ್ನು ತಿರುವಬೇಕು. ಒಂದು ಕೈಯಲ್ಲಿ ತಿರುವುವುದು ಹೇಗೆ? ಚೊಂಬನ್ನು ಕಂಕುಳಲ್ಲಿ ಅವುಚಿಕೊಂಡು ತಿರುವಿದಳು. ತಲೆಯೇ ಕಳಚಿ ಕೈಗೆ ಬಂತು, ಸೆಲ್ಲು ಉದುರಿದವು, ಅವುಗಳನ್ನು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟು ಲೈಟುಕಂಬಕ್ಕೆ ತೋಡಿದ್ದ ಗುಂಡಿಗೆ ಬಿದ್ದಳು. ನಾನು ಹಿಂದೆಯೇ ಇದ್ದೆ. ಅವಳ ಕಾಲು ಮುರಿದ ಸದ್ದು ನನಗೆ ಕೇಳಿಸಿತು. ಇವತ್ತಿಗೂ ಆ ಕಾಲು ಎಳೆದೇ ನಡೆಯುತ್ತಾಳೆ.

ಅವಳ ಗಂಡ ಆ ಬ್ಯಾಟರಿಯನ್ನು ನಮ್ಮ ಅಂಗಡಿಗೇ ರಿಪೇರಿಗೆ ತಂದ. ನೀವು ತಲೆಯನ್ನು ಕೂರಿಸಿ, ತಿರುವಿ ತೋರಿಸಿ, "ಎರಡು ಕೈಲಿ ನಿಧಾನಕ್ಕೆ ತಿರುವಿದ್ರೆ ಏನೂ ಆಗ್ತಿರಲಿಲ್ಲ" ಎಂದಿರಿ. ನಿಮಗೆ ಎರಡು ಕೈಯೂ ಖಾಲಿ ಇರುತ್ತವೆ, ನಮಗೆ ಇರುವುದಿಲ್ಲ ಎಂದೆ. ಆಗ ನೀವು ನಕ್ಕಿರಿ. ನಿಮ್ಮ ಎಲ್ಲ ನಗೆಯನ್ನೂ ಮರೆತಿದ್ದೇನೆ, ಅದೊಂದನ್ನು ಮರೆತಿಲ್ಲ.

ಅದೇ ವಾರ ಗಾಜು ಒಡೆದ ಹಳೆಯ ಲಾಟೀನನ್ನು ತೊಳೆಯುತ್ತಿದ್ದೆ. ಬತ್ತಿ ಏರಿಸಲು ಪಕ್ಕದಲ್ಲಿ ಒಂದು ಚಕ್ರ ಇರುತ್ತದಲ್ಲ, ಅದನ್ನು ಹೆಬ್ಬೆಟ್ಟಿನಲ್ಲಿ ತಿರುವುತ್ತಾ ಕೂತೆ. ಒಂದೇ ಕೈ, ಒಂದೇ ಬೆರಳು, ಬತ್ತಿ ಮೇಲೆ ಬಂತು, ಕೆಳಗೆ ಹೋಯಿತು. ನಿಮ್ಮನ್ನು ಕೂಗಿ ಕೇಳಿದೆ, "ಬ್ಯಾಟರಿ ತಲೆ ಯಾಕೆ ತಿರುವಬೇಕು, ಒಳಗಿನ ಬಲ್ಬನ್ನೇ ಹಿಂದೆ ಮುಂದೆ ಮಾಡಾಕೆ ಬರಲ್ವಾ" ಎಂದು. ನೀವು "ಹುಚ್ಚಿ" ಎಂದು ಒಳಗೆ ಹೋದಿರಿ. ಎರಡು ದಿನ ಬಿಟ್ಟು ನೋಡಿದರೆ ಆ ಚಕ್ರ ಬಿಡಿಸಿ ಬ್ಯಾಟರಿಗೆ ಕೂರಿಸಲು ಅದೇ ಲಾಟೀನಿನ ಮೂತಿಗೆ ಅರ ಹಾಕಿ ಉಜ್ಜುತ್ತಾ ಕೂತಿದ್ದೀರಿ. ಇದು ನನ್ನ ಯೋಚನೆ ಎಂದು ಆಗಲೇ ಅನ್ನಬೇಕಿತ್ತು, ಈಗ ಅನ್ನಿಸುತ್ತದೆ.

ಆಮೇಲೆ ತಲೆ ಸಡಿಲಾಗುವ ತಾಪತ್ರಯ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಗೋಲಿಸೋಡಾ ಕುಡಿಯುವಾಗ ಬಾಟಲಿಯ ಕುತ್ತಿಗೆಯೊಳಗಿನ ರಬ್ಬರು ನೋಡಿ, ಸೋಡಾದವನ ಹತ್ತಿರ ಒಡೆದ ಬಾಟಲಿಯದೊಂದು ಬೇಡಿ ತಂದವಳು ನಾನು. ಅದನ್ನು ತಲೆಗೂ ಕೊಳವೆಗೂ ನಡುವೆ ಹಾಕಿದ ಮೇಲೆ ತಲೆ ಅಲುಗಾಡಲಿಲ್ಲ, ಮಳೆಯ ನೀರೂ ಒಳಗೆ ಹೋಗಲಿಲ್ಲ. ಬೆಳಕನ್ನು ಅಗಲ ಮಾಡಿದರೆ ನಡುವೆ ಕಪ್ಪು ಕಾಣುತ್ತದೆ ಎಂದಾಗ, "ಅದು ಬಲ್ಬಿನ ಗುಣ, ಏನೂ ಮಾಡಾಕಾಗಲ್ಲ" ಎಂದು ಕೈಚೆಲ್ಲಿದವರು ನೀವು. ಒದ್ದೆ ಮರಳಿನಲ್ಲಿ ಗಾಜಿನ ಅಂಚನ್ನು ಒಂದು ಬೆರಳಗಲ ಉಜ್ಜಿ ಮಬ್ಬು ಮಾಡಿದವಳು ನಾನು. ಎರಡು ಗಾಜು ಒಡೆದವು, ಮೂರನೆಯದು ಉಳಿಯಿತು. ಕಪ್ಪು ಪೂರ್ತಿ ಹೋಗಲಿಲ್ಲ, ಮುಕ್ಕಾಲು ಹೋಯಿತು.

ಇನ್ನು ನಿಮ್ಮ ಆ ಗೀರುಗಳು. ಕಾಲಿಗೆ ಒಂದು, ದಾರಿಗೆ ಒಂದು, ದೂರಕ್ಕೆ ಒಂದು, ಕತ್ತಲಲ್ಲೂ ಹೆಬ್ಬೆಟ್ಟಿಗೆ ಟಿಕ್ ಎಂದು ಗೊತ್ತಾಗುವ ಹಾಗೆ ಚಕ್ರಕ್ಕೆ ಮೂರು ಗೀರು ಹಾಕಿದಿರಿ. ಒಳ್ಳೆಯ ಯೋಚನೆಯೇ. ಆದರೆ ಅಳತೆ ತೆಗೆದದ್ದು ಎಲ್ಲಿ? ಹಗಲು ಹೊತ್ತು ಅಂಗಡಿ ಬಾಗಿಲು ಎಳೆದುಕೊಂಡು, ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆಳಕು ಬಿಟ್ಟು. ಗೋಡೆಯ ಮೇಲೆ ದುಂಡಗೆ ಚೆನ್ನಾಗಿ ಕಂಡಿತು ಎಂದು ಕುಣಿದಾಡಿದಿರಿ. ಬಯಲಿಗೆ ಒಯ್ದರೆ ಕಾಲಿನ ಗೀರಿನ ಬೆಳಕು ನಮ್ಮ ಕಾಲು ಬಿಟ್ಟು ನಾಲ್ಕು ಮಾರು ಆಚೆ ಬಿತ್ತು. ಯಾವ ಹಾವು ಗೋಡೆಯ ಮೇಲೆ ಹರಿದಾಡುತ್ತದೆ? ನಾನೂ ತಿಪ್ಪಮ್ಮಕ್ಕನೂ ನಾಲ್ಕು ದಿನ ನಸುಕಿನಲ್ಲಿ ಹಿಡಿದು ನೋಡಿ, ಚಕ್ರದ ಮೇಲೆ ಸುಣ್ಣದ ಬೊಟ್ಟು ಇಟ್ಟುಕೊಂಡು ಬಂದ ಮೇಲೆ ಆ ಗೀರು ಸರಿಯಾದ ಜಾಗಕ್ಕೆ ಬಂತು.

ನಾನು ಸುಳ್ಳು ಹೇಳುವವಳಲ್ಲ. ಬಲ್ಬು ಹಿಂದೆ ಮುಂದೆ ಹೋಗುವಾಗ ಒಳಗಿನ ತಂತಿ ನಾಲ್ಕು ದಿನಕ್ಕೊಂದು ಸಲ ತುಂಡಾಗುತ್ತಿತ್ತು. ಹಳೆಯ ಪೆನ್ನಿನ ಸ್ಪ್ರಿಂಗು ಹಾಕಿ ಅದನ್ನು ಸರಿಮಾಡಿದವರು ನೀವು. ಆ ಸ್ಪ್ರಿಂಗು ಇಲ್ಲದಿದ್ದರೆ ಚಕ್ರವೂ ಇಲ್ಲ, ರಬ್ಬರೂ ಇಲ್ಲ. ಆವತ್ತು ಅದು ಹತ್ತಿಕೊಂಡಾಗ ನೀವು ನನ್ನ ಹೆಬ್ಬೆಟ್ಟನ್ನು ಹಿಡಿದು ಚಕ್ರದ ಮೇಲೆ ಇಟ್ಟು, "ನೀನೇ ಮೊದ್ಲು ತಿರುವು" ಎಂದಿರಿ. ಅದನ್ನೂ ಮರೆತಿಲ್ಲ. ಅದು ನೆನಪಾದಾಗಲೇ ಹೆಚ್ಚು ಸಂಕಟವಾಗುವುದು.

ಯಾಕೆಂದರೆ ಅಂಥ ಮನುಷ್ಯನ ಅಂಗಿ ಜೇಬಿನಲ್ಲಿ ನನಗೆ ಆ ಚೀಟಿ ಸಿಕ್ಕಿತು. ಯುಗಾದಿ ಕಳೆದ ಎಂಟನೆಯ ದಿನ, ಬಟ್ಟೆ ಒಗೆಯಲು ಹಾಕುವಾಗ. ಹೊನ್ನಾಳಿಯ ಏಜೆಂಟ್ ಬಸವರಾಜಪ್ಪ ನಿಮಗೆ ಹೇಳಿದ್ದರಂತೆ, ಬ್ಯಾಟರಿ ಕಂಪನಿಯವರಿಗೆ ಹೊಸ ಯೋಚನೆ ಬೇಕಾಗಿದೆ, ಬರೆದು ಕೊಡಿ, ಕಳಿಸುತ್ತೇನೆ ಎಂದು. ನೀವು ಬರೆದಿದ್ದಿರಿ. ಚಕ್ರ, ರಬ್ಬರು, ಮಬ್ಬು ಗಾಜು, ಎಲ್ಲ ಬಿಡದೆ ಬರೆದಿದ್ದಿರಿ. ಕೊನೆಯಲ್ಲಿ, ಮಾಡಿದವರು ಎಂಬಲ್ಲಿ, ನಿಮ್ಮ ಹೆಸರೊಂದೇ. ಕೇಳಿದ್ದಕ್ಕೆ ನೀವು ಹೇಳಿದ್ದೇನು? "ಹೆಣ್ಮಕ್ಕಳ ಹೆಸ್ರು ನೋಡಿದ್ರೆ ಕಂಪನಿಯೋರು ನಗ್ತಾರೆ ಕಣೇ. ನನ್ ಹೆಸ್ರಿದ್ರೆ ನಿನ್ ಹೆಸ್ರಿದ್ದಂಗೇ ಅಲ್ವಾ." ಹಾಗಾದರೆ ನನ್ನ ಹೆಸರು ಹಾಕಿ, ಅದು ನಿಮ್ಮದು ಇದ್ದಂಗೇ ಆಗುತ್ತದೆ ಎಂದೆ. ಚೀಟಿಯನ್ನು ಒಲೆಗೆ ಹಾಕಿದೆ. ನೀವು ಚೀಲ ಎತ್ತಿಕೊಂಡಿರಿ, ಬ್ಯಾಟರಿ ಕೇಳಿದಿರಿ, ನಾನು ಕೊಡಲಿಲ್ಲ.

ಅಂಗಡಿ ನಡೆಯುತ್ತಿದೆ. ಬಂದವರೆಲ್ಲ ಮೊದಲು ಒಳಗೆ ಇಣುಕಿ, "ಗಂಡಸ್ರು ಇಲ್ವಾ" ಎಂದು ಕೇಳುತ್ತಾರೆ. ಇಲ್ಲ, ಬೇಕಾದರೆ ಬ್ಯಾಟರಿ ಕೊಡಿ, ಬೇಡವಾದರೆ ಗಂಡಸರನ್ನು ಹುಡುಕಿಕೊಂಡು ಹೋಗಿ ಎನ್ನುತ್ತೇನೆ. ಕೊಟ್ಟು ಹೋಗುತ್ತಾರೆ. ರಿಪೇರಿ ಮಾಡಿದ ಪ್ರತಿಯೊಂದರ ಒಳಗೂ ಒಂದು ಕೆಂಪು ಅರಗಿನ ಬೊಟ್ಟು ಇಡುತ್ತೇನೆ. ನಾಳೆ ಯಾರಾದರೂ ಬಂದು, ಇದು ನೀನು ಮಾಡಿದ್ದೇ ಅಲ್ಲ ಎನ್ನಬಾರದಲ್ಲ. ಆ ಪಾಠ ನನಗೆ ಮನೆಯಲ್ಲೇ ಆಗಿದೆ.

ಸೆಪ್ಟೆಂಬರಿನಲ್ಲಿ ಪೋಸ್ಟ್‌ಮ್ಯಾನ್ ರೇವಣ್ಣ ಬಂದು ಒಂದು ಸುದ್ದಿ ಹೇಳಿದ. ನಿಮ್ಮನ್ನು ಹೊನ್ನಾಳಿಯಲ್ಲಿ ಕಂಡನಂತೆ, ಬಸವರಾಜಪ್ಪನವರ ಅಂಗಡಿಗೆ ಹೋಗುತ್ತಿದ್ದಿರಂತೆ. ಜಗಳೂರಿನಿಂದ ಹೊನ್ನಾಳಿಗೆ ಬರಲು ಬಸ್ಸಿದೆ, ಹೊನ್ನಾಳಿಯಿಂದ ಮುಕ್ಕಾಲು ಗಂಟೆ ದಾರಿಯ ನ್ಯಾಮತಿಗೆ ಬರಲು ಬಸ್ಸಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನವೇ ಹೊನ್ನಾಳಿಗೆ ಹೋದೆ.

ಅಲ್ಲಿ ನಡೆದದ್ದನ್ನು ಬಸವರಾಜಪ್ಪನವರು ಬಣ್ಣ ಹಚ್ಚಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಅವರ ಗಾಜಿನ ಬೀರುವಿನಲ್ಲಿ ಒಂದು ಬ್ಯಾಟರಿ ಇತ್ತು. ಅದರ ಕುತ್ತಿಗೆಯಲ್ಲಿ ಸೋಡಾ ಬಾಟಲಿಯ ರಬ್ಬರು. ನೋಡಿದ ಕೂಡಲೇ ಮೈಯೆಲ್ಲ ಉರಿಯಿತು. ನೀವು ಮಾರಿಬಿಟ್ಟಿದ್ದೀರಿ, ಕಂಪನಿಯವರು ಮಾಡಿಯೂ ಬಿಟ್ಟಿದ್ದಾರೆ ಎಂದುಕೊಂಡೆ. ಇದು ಕದ್ದ ಮಾಲು ಎಂದು ಗಟ್ಟಿಯಾಗಿ ಅಂದೇಬಿಟ್ಟೆ. ಬೀದಿಯ ಜನ ಸೇರಿದರು. ಬಸವರಾಜಪ್ಪನವರು ಬೆವರು ಒರೆಸಿಕೊಳ್ಳುತ್ತಾ, "ಏನ್ರಮ್ಮಾ ನೀವು ಹಿಂಗೆ ಮಾತಾಡೋದು, ಇದು ನಮ್ ಭಾವಮೈದಂದು, ಇಲ್ಲಿಟ್ಟು ಊರಿಗೆ ಹೋಗ್ಯಾನೆ" ಎಂದು ಬಿಚ್ಚಿ ತೋರಿಸಿದರು. ಒಳಗೆ ನನ್ನ ಕೆಂಪು ಬೊಟ್ಟು. ಜುಲೈನಲ್ಲಿ ನಾನೇ ರಿಪೇರಿ ಮಾಡಿ, ನಾನೇ ರಬ್ಬರು ಹಾಕಿ ಕೊಟ್ಟದ್ದು.

ನಗುವುದಾದರೆ ನಕ್ಕುಬಿಡಿ. ಅವತ್ತು ಆ ಬೀದಿಯವರೆಲ್ಲ ನಕ್ಕರು. ಆದರೆ ನಾನು ಅಲ್ಲಿಂದ ಓಡಿ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಮ್ಮ ಮನೆಯವರು ಇಲ್ಲಿಗೆ ಯಾಕೆ ಬಂದಿದ್ದರು ಎಂದು ಕೇಳಿದೆ. "ಯುಗಾದಿ ಆದ್ಮೇಲೆ ಒಂದ್ಸಲ ಬಂದು ಕವರ್ ಕೊಟ್ಟಿದ್ರು, ಕಂಪನಿಗೆ ಕಳಿಸಿದೆ. ಈಗ ಉತ್ತರ ಬಂತಾ ಅಂತ ಕೇಳಾಕೆ ಬಂದಿದ್ರು" ಎಂದರು. ಒಳಗೆ ಯಾರ ಹೆಸರಿತ್ತು ಎಂದೆ. "ಅಂಟಿಸ್ಕಂಡೇ ಬಂದಿದ್ರಮ್ಮ, ನಾನ್ಯಾಕೆ ಬಿಚ್ಚಿ ನೋಡ್ಲಿ" ಎಂದರು.

ಅಂಟಿಸಿಕೊಂಡೇ ಹೋಗಿದ್ದಿರಿ. ಏಜೆಂಟು ನಿಮಗೆ ಬೇಕಾದವರು, ಬ್ಯಾಟರಿಯ ವಿಷಯವೆಲ್ಲ ಅವರಿಗೆ ಮೊದಲೇ ಗೊತ್ತು, ಮತ್ತೆ ಅಂಟಿಸುವುದು ಯಾಕೆ? ಮುಚ್ಚಿಡುವುದು ಏನೂ ಇಲ್ಲದವರು ಕವರಿಗೆ ಅಷ್ಟು ಗೋಂದು ಹಾಕುವುದಿಲ್ಲ. ನಾನು ಒಲೆಗೆ ಹಾಕಿದ ಚೀಟಿಯನ್ನೇ ಇನ್ನೊಂದು ಸಲ ಬರೆದಿದ್ದೀರಿ ಎಂದು ಅಲ್ಲೇ ತೀರ್ಮಾನ ಮಾಡಿದೆ. ಮನೆಗೆ ಬಂದು ಎರಡು ದಿನ ಅಂಗಡಿ ತೆಗೆಯಲಿಲ್ಲ. ಆ ಎರಡು ದಿನ ಏನು ಮಾಡಿದೆ ಎಂದು ಕೇಳಬೇಡಿ. ತಿಪ್ಪಮ್ಮಕ್ಕನಿಗೆ ಜ್ವರ ಎಂದು ಹೇಳಿದ್ದೆ, ನೀವೂ ಜ್ವರ ಎಂದೇ ಇಟ್ಟುಕೊಳ್ಳಿ.

ತಿಪ್ಪಮ್ಮಕ್ಕ ಮಾತ್ರ ದಿನಾ ಒಂದೇ ಮಾತು. "ಅಷ್ಟು ಅನುಮಾನ ಇದ್ರೆ ಬರ್ದು ಕೇಳಾಕೇನಾಗೈತೇ ಶಂಕ್ರಿ, ಒಳಗೇ ಇಟ್ಕಂಡು ಕುದಿತೀಯಲ್ಲ" ಎನ್ನುತ್ತಾಳೆ. ಕೇಳಿದರೆ ನಿಜ ಹೇಳುತ್ತೀರೆಂದು ನನಗೆ ನಂಬಿಕೆ ಇಲ್ಲ. ಕೇಳದೆ ಇದ್ದರೆ ನಿದ್ದೆ ಇಲ್ಲ. ನಿಮ್ಮ ಕಾಗದ ಬಂದು ಮೂರು ವಾರವಾದರೂ ಉತ್ತರ ಬರೆಯದಿದ್ದಕ್ಕೆ ಕಾರಣ ಇದು, ಜೊತೆಗೆ ನನಗೂ ಒಂದು ಕಡೆಯಿಂದ ಉತ್ತರ ಬರುವುದಿತ್ತು. ಅದು ನಿಮಗೆ ಸಂಬಂಧವಿಲ್ಲದ ವಿಷಯ.

ಈಗ ನನ್ನ ಮಾತು ಕೇಳಿ. ಕಂಪನಿಗೆ ಕಳಿಸಿದ ಅರ್ಜಿಯ ನಕಲನ್ನು ನಿಮ್ಮ ಕೈಬರಹದಲ್ಲಿ ಬರೆದು ಕಳಿಸಿ. ಚಾಂದ್ ಕೈಯಲ್ಲಿ ಬರೆಸಬೇಡಿ, ನನಗೆ ಗೊತ್ತಾಗುತ್ತದೆ. ಅದರಲ್ಲಿ ಎರಡು ಹೆಸರಿದ್ದರೆ ಬ್ಯಾಟರಿಯನ್ನು ನಾನೇ ಜಗಳೂರಿಗೆ ತಂದುಕೊಡುತ್ತೇನೆ. ಒಂದೇ ಹೆಸರಿದ್ದರೆ ಚಕ್ರವನ್ನು ಕಿತ್ತು ಮತ್ತೆ ಲಾಟೀನಿಗೆ ಹಾಕುತ್ತೇನೆ, ನೀವು ಕಂಪನಿಯವರ ಮುಂದೆ ಖಾಲಿ ಕೊಳವೆ ಹಿಡಿದು ನಿಲ್ಲಿ. ಇಬ್ಬರು ಕೂಡಿ ಮಾಡಿದ ಕೆಲಸಕ್ಕೆ ಒಬ್ಬರೇ ಹೆಸರು ಹಾಕಿಕೊಂಡರೆ ಅದಕ್ಕೆ ನಮ್ಮ ಊರಿನಲ್ಲಿ ಕಳ್ಳತನ ಎನ್ನುತ್ತಾರೆ. ಗಂಡ ಮಾಡಿದರೂ ಅದೇ ಹೆಸರು.

ಇಷ್ಟು ಕಟುವಾಗಿ ಬರೆಯಲು ನನಗೇನೂ ಖುಷಿಯಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕುವಾಗ ಒಂದೊಂದು ದಿನ ನೀವು ಬಸ್ಸಿಂದ ಇಳಿದು ಬರುತ್ತೀರೇನೋ ಎಂದು ನೋಡುತ್ತೇನೆ. ಬಂದರೆ ಮೊದಲು ಏನು ಬೈಯಬೇಕು ಎಂಬುದನ್ನೂ ಯೋಚನೆ ಮಾಡಿ ಇಟ್ಟುಕೊಂಡಿದ್ದೇನೆ. ನೀವು ಬರುವುದಿಲ್ಲ, ಬೈಗುಳ ಹಾಗೇ ಉಳಿದಿದೆ. ರೊಟ್ಟಿಯನ್ನು ಇವತ್ತಿಗೂ ಕೈತಪ್ಪಿ ನಾಲ್ಕು ಹೆಚ್ಚು ಬಡಿಯುತ್ತೇನೆ. ತಿಪ್ಪಮ್ಮಕ್ಕನ ಮನೆಗೆ ಕೊಡುತ್ತೇನೆ.

ಮೈ ಕಡೆ ನಿಗಾ ಇರಲಿ. ಲೇತಿನ ಹತ್ತಿರ ತೋಳು ಮಡಿಸಿಕೊಂಡೇ ಕೂರಿ.

ನಿಮ್ಮ ಮಾತನ್ನು ನಂಬಬೇಕೆಂದು ಆಸೆಯಿದ್ದೂ ನಂಬಲಾರದೆ ಕೂತಿರುವ,
ಶಂಕ್ರಮ್ಮ

ವಿ.ಸೂ. ಅದೇ ಗುರುವಾರ, ಸಂಜೆ ನಾಲ್ಕು ಗಂಟೆ.

ಮೇಲಿನದನ್ನು ಬರೆದು ಕವರು ಅಂಟಿಸುವಷ್ಟರಲ್ಲಿ ರೇವಣ್ಣ ಬಂದ. ಉದ್ದನೆಯ ಕವರು, ಮೇಲೆ ಟೈಪು ಮಾಡಿದ ನನ್ನ ಹೆಸರು. ಕಂಪನಿಯಿಂದ ಬಂದದ್ದು. ಒಳಗೆಲ್ಲ ಇಂಗ್ಲಿಷು. ಜಯದೇವಪ್ಪ ಮೇಷ್ಟ್ರ ಹತ್ತಿರ ಓದಿಸಿದೆ. ಅವರು ಓದಿ ಹೇಳಿದ್ದನ್ನು ನಂಬಲಿಲ್ಲ, ಅವರು ನಿಮ್ಮ ಸ್ನೇಹಿತರು, ನಿಮ್ಮ ಪರವಾಗಿ ಹೇಳುತ್ತಿರಬಹುದು ಎಂದುಕೊಂಡೆ. ಔಷಧಿ ಅಂಗಡಿಯವರ ಹತ್ತಿರ ಇನ್ನೊಂದು ಸಲ ಓದಿಸಿದೆ. ಅವರೂ ಅದನ್ನೇ ಹೇಳಿದರು.

ನಾನು ಮುಚ್ಚಿಟ್ಟದ್ದನ್ನು ಈಗ ಹೇಳಬೇಕು. ಹೊನ್ನಾಳಿಯಿಂದ ಬಂದು ಅಂಗಡಿ ಮುಚ್ಚಿದ್ದ ಆ ಎರಡು ದಿನ ನನಗೆ ಜ್ವರ ಇರಲಿಲ್ಲ. ಬ್ಯಾಟರಿಯ ಡಬ್ಬಿಯ ಮೇಲಿದ್ದ ವಿಳಾಸ ನೋಡಿ ಕಂಪನಿಗೆ ನಾನೇ ಬರೆದೆ. ಪುಸ್ತಕದ ಚಿತ್ರಗಳನ್ನು ನಕಲು ಮಾಡಿ ಇಟ್ಟೆ. ಎಲ್ಲ ನಾನು ಮಾಡಿದ್ದು ಎಂದು ಬರೆದೆ. ನಿಮ್ಮ ಸ್ಪ್ರಿಂಗನ್ನೂ ನನ್ನದೆಂದೇ ಬರೆದುಕೊಂಡೆ. ಕೆಳಗೆ ಶಂಕ್ರಮ್ಮ, ನ್ಯಾಮತಿ ಎಂದು ಒಂದೇ ಸಹಿ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು, ನಮ್ಮಲ್ಲಿ ಹಾಗೇ ನಡೆದುಕೊಂಡು ಬಂದಿದೆ, ಆದ್ದರಿಂದ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಓಟಿನ ಪಟ್ಟಿಯವರು ಬಂದಾಗಲೂ ತಿಪ್ಪಮ್ಮಕ್ಕನ ಬಾಯಲ್ಲೇ ನಿಮ್ಮ ಹೆಸರು ಹೇಳಿಸಿದವಳು ನಾನು. ಆದರೆ ಅವತ್ತು ಬಿಟ್ಟದ್ದು ರೂಢಿಗಲ್ಲ. ಬೇಕೆಂದೇ ಬಿಟ್ಟೆ.

ಕಂಪನಿಯವರು ಬರೆದದ್ದು ಇಷ್ಟು. ಇದೇ ಬ್ಯಾಟರಿಯ ಅರ್ಜಿ ಏಪ್ರಿಲ್ ಇಪ್ಪತ್ತನಾಲ್ಕನೆಯ ತಾರೀಖಿನದು ಅವರ ಹತ್ತಿರ ಆಗಲೇ ಇದೆಯಂತೆ. ಅದರಲ್ಲಿ ಎರಡು ಹೆಸರಿದೆಯಂತೆ, ಮೊದಲು ನನ್ನದು, ಆಮೇಲೆ ನಿಮ್ಮದು. ಚಕ್ರ, ರಬ್ಬರು, ಗಾಜು ಹೆಂಡತಿಯ ಯೋಚನೆ, ಸ್ಪ್ರಿಂಗು ಮತ್ತು ಗೀರು ನಿಮ್ಮದು ಎಂದು ನೀವು ಬಿಡಿಸಿ ಬರೆದಿದ್ದೀರಂತೆ. ಹಾಗಿರುವಾಗ ಅದೇ ಶಂಕ್ರಮ್ಮ ಎಲ್ಲವೂ ತನ್ನೊಬ್ಬಳದೇ ಎಂದು ಈಗ ಬರೆದಿರುವುದು ಏಕೆ, ನಿಜ ಯಾವುದು ಎಂದು ತಿಳಿಯುವವರೆಗೆ ಎರಡು ಅರ್ಜಿಯನ್ನೂ ನೋಡುವುದಿಲ್ಲ, ಒಂದು ತಿಂಗಳೊಳಗೆ ಇಬ್ಬರೂ ಸಹಿ ಮಾಡಿ ಬ್ಯಾಟರಿಯ ಜೊತೆ ಕಳಿಸದಿದ್ದರೆ ವಾಪಸು ಎಂದಿದ್ದಾರೆ.

ಏಪ್ರಿಲ್ ಇಪ್ಪತ್ತನಾಲ್ಕು. ಬೆರಳು ಮಡಿಸಿ ಎಣಿಸಿದೆ. ನೀವು ಮನೆ ಬಿಟ್ಟ ಹನ್ನೊಂದನೆಯ ದಿನ.

ನನಗೆ ನಿಮ್ಮ ಮೇಲೆ ಈಗಲೂ ಸಿಟ್ಟಿದೆ. ಆ ಐದು ಸಾಲಿನ ಜೊತೆ ಆರನೆಯದೊಂದು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ನಾಚಿಕೆ ದೊಡ್ಡದು. ಬೆಳಿಗ್ಗೆ ಬರೆದದ್ದನ್ನು ಹರಿದುಹಾಕಬಹುದಿತ್ತು, ಹರಿಯಲಿಲ್ಲ. ನಾನು ನಿಮ್ಮನ್ನು ಏನೆಂದುಕೊಂಡಿದ್ದೆ ಎಂಬುದು ನಿಮಗೆ ಪೂರ್ತಿ ಗೊತ್ತಿರಲಿ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಬ್ಯಾಟರಿಯ ಜೊತೆ ನಾನೇ ತರುತ್ತೇನೆ. ನೀವು ಓದುವಾಗ ಎದುರಿಗೇ ನಿಂತಿರುತ್ತೇನೆ. ಏನು ಅನ್ನಬೇಕೋ ಅಲ್ಲೇ ಅನ್ನಿ. ಕಂಪನಿಗೆ ನಾನು ಬರೆದುಕೊಡಬೇಕಾದ ಮಾತನ್ನು ನಿಮ್ಮ ಮುಂದೆ ಬರೆಯುವಾಗ ನಿಮ್ಮ ಹೆಸರಿನ ಹತ್ತಿರ ಪೆನ್ನು ನಿಲ್ಲಬಾರದೆಂದು ಇಲ್ಲಿ ಒಂದು ಸಲ ಬರೆದು ನೋಡುತ್ತಿದ್ದೇನೆ. ಈ ಬ್ಯಾಟರಿಯನ್ನು ಮಾಡಿದವರು ನ್ಯಾಮತಿಯ ಕೊಟ್ರಬಸಪ್ಪ, ಮತ್ತು ನಾನು.